ನೀಲಿಗಟ್ಟಿದ ಕೈಗಳು

ಜೂಲಿ ಡ್ಯಾಶ್ ಅವರ ‘ಡಾಟರ್ಸ್ ಆಫ್ ದಿ ಡಸ್ಟ್’ ಚಿತ್ರವನ್ನು ಕಥೆಗಾಗಿ ನೋಡಲು ಕೂತರೆ ಸಿಗುವುದು ಇಷ್ಟೇ: 1902ರಲ್ಲಿ, ಅಮೆರಿಕದ ಆಗ್ನೇಯ ಕರಾವಳಿಯ ಒಂದು ದ್ವೀಪದಲ್ಲಿ, ಉತ್ತರದ ಊರುಗಳಿಗೆ ಹೊರಟುನಿಂತ ಪೀಜಂಟ್ ಮನೆತನದವರು ಕಡಲ ದಂಡೆಯಲ್ಲಿ ಕೊನೆಯ ಸಲ ಒಟ್ಟಿಗೆ ಉಣ್ಣುತ್ತಾರೆ. ಮುತ್ತಜ್ಜಿ ನಾನಾ ಮಾತ್ರ ನೆಲ ಬಿಟ್ಟು ಕದಲಲಾರಳು.

ಪ್ರತಿ ಸಲವೂ ನನ್ನ ಕಣ್ಣು ನೆಡುವುದು ಆ ಮುತ್ತಜ್ಜಿಯ ಕೈಗಳ ಮೇಲೆ. ಗುಲಾಮಗಿರಿಯ ಕಾಲದಲ್ಲಿ ನೀಲಿ ಬಣ್ಣದ ತೊಟ್ಟಿಗಳಲ್ಲಿ ದುಡಿದ ಕೈಗಳವು, ಮುಪ್ಪಿನಲ್ಲೂ ಕಡುನೀಲಿ. ಆ ಬಣ್ಣ ಅಷ್ಟು ವರ್ಷ ಚರ್ಮದ ಮೇಲೆ ಉಳಿಯುವುದಿಲ್ಲ ಎಂಬುದು ಡ್ಯಾಶ್ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಹಾಗೆ ಮಾಡಿದರು. ಬೆನ್ನ ಮೇಲಿನ ಬಾಸುಂಡೆಗಳನ್ನು ತೆರೆಯ ಮೇಲೆ ಕಂಡು ಕಂಡು ಜಡ್ಡುಗಟ್ಟಿದ ನಮ್ಮ ನೋಟವನ್ನು ಈ ನೀಲಿ ಮತ್ತೆ ಎಬ್ಬಿಸುತ್ತದೆ.

ನಾನಾಳ ಬಳಿ ತಾಯಿಯ ಕೂದಲಿನ ಒಂದು ಗೊಂಚಲಿದೆ. ತನ್ನನ್ನು ಮಾರಿ ಸಾಗಿಸುವ ಮುನ್ನ ಆ ತಾಯಿ ಕತ್ತರಿಸಿ ಕೊಟ್ಟದ್ದು. ನಾನಾ ಅದಕ್ಕೆ ತನ್ನ ಕೂದಲನ್ನೂ ಸೇರಿಸಿ, ತಾಯಿತದ ಹಾಗೆ ಕಟ್ಟಿ, ಬೈಬಲ್ಲಿನ ಜೊತೆಗಿಟ್ಟು ಹೊರಟವರ ಮುಂದೆ ಹಿಡಿಯುತ್ತಾಳೆ. ಒಬ್ಬೊಬ್ಬರೇ ಬಗ್ಗಿ ಮುತ್ತಿಡುತ್ತಾರೆ. ಕ್ರೈಸ್ತ ಶ್ರದ್ಧೆಯ ವಯೋಲಾಳಿಗೆ ಅದೊಂದು ತಳಮಳ. ಮದುವೆಯಾಗಿ ಈ ಮನೆಗೆ ಬಂದ ಹಾಗರ್ ಒಲ್ಲೆನೆನ್ನುತ್ತಾಳೆ. ಹಳೆಯದನ್ನೆಲ್ಲ ಕೊಡವಿಕೊಂಡು ಹೋಗಬೇಕೆನ್ನುವ ಅವಳ ಹಟದಲ್ಲೂ ಒಂದು ನೋವಿದೆ.

ಕಥೆ ಹೇಳುವವಳು ಯೂಲಾಳ ಹೊಟ್ಟೆಯಲ್ಲಿರುವ, ಇನ್ನೂ ಹುಟ್ಟದ ಹುಡುಗಿ. ಯೂಲಾ ಅತ್ಯಾಚಾರಕ್ಕೆ ಒಳಗಾದವಳು. ಈ ಮಗು ತನ್ನದೋ ಅಲ್ಲವೋ ಎಂಬ ಅನುಮಾನ ಗಂಡ ಇಲೈಯನ್ನು ಕೊರೆಯುತ್ತಿದೆ. ಅಂಥ ಹೊತ್ತಿನಲ್ಲಿ ಬಿಳಿ ಅಂಗಿ ತೊಟ್ಟ ಮಗಳು ದಂಡೆಯುದ್ದಕ್ಕೂ ಓಡಿಬರುತ್ತಾಳೆ. ಊರಿಗೆ ಬಂದ ಛಾಯಾಗ್ರಾಹಕ ಸ್ನೀಡ್‌ಗೆ ಅವಳು ಕ್ಯಾಮೆರಾದೊಳಗಿಂದ ಕಾಣಿಸುತ್ತಾಳೆ, ತಲೆಯೆತ್ತಿ ನೋಡಿದರೆ ಇಲ್ಲ. ತೀರಿಹೋದವರೂ ಬರಬೇಕಾದವರೂ ಇಲ್ಲಿ ಒಂದೇ ಪಂಕ್ತಿಯಲ್ಲಿ ಕೂತಿದ್ದಾರೆ. ಮೂರು ಕಾಲಗಳನ್ನು ಇಷ್ಟು ಸಲೀಸಾಗಿ ಒಂದೇ ಮರಳಿನ ಮೇಲೆ ನಡೆಸಿದ ಇನ್ನೊಂದು ಚಿತ್ರವನ್ನು ನಾನು ಕಂಡಿಲ್ಲ.

ಆರ್ಥರ್ ಜಾಫಾ ಅವರ ಛಾಯಾಗ್ರಹಣಕ್ಕೆ 1991ರ ಸನ್‌ಡಾನ್ಸ್ ಉತ್ಸವದಲ್ಲಿ ಪ್ರಶಸ್ತಿ ಬಂತು. ಕಪ್ಪು ಮಹಿಳೆಯೊಬ್ಬರು ನಿರ್ದೇಶಿಸಿ ಅಮೆರಿಕದ ಚಿತ್ರಮಂದಿರಗಳಲ್ಲಿ ದೇಶಮಟ್ಟದ ಬಿಡುಗಡೆ ಕಂಡ ಮೊದಲ ಪೂರ್ಣಪ್ರಮಾಣದ ಚಿತ್ರವೂ ಇದೇ. ಅಷ್ಟಾದರೂ ದೊಡ್ಡ ಸ್ಟುಡಿಯೋಗಳು ಡ್ಯಾಶ್ ಅವರ ಕೈಹಿಡಿಯಲಿಲ್ಲ ಎಂಬುದು ನನಗೆ ಇಂದಿಗೂ ಸಂಕಟ.

ಪಾತ್ರಗಳು ಆಡುವ ಗಲ್ಲಾ ಎಂಬ ದ್ವೀಪನುಡಿ ಮೊದಲಿಗೆ ಕಿವಿಗೆ ತೊಡಕೆನಿಸೀತು. ಅರ್ಥಕ್ಕೆ ತಡಕಾಡದೆ ಅದರ ಏರಿಳಿತದ ಜೊತೆ ಸ್ವಲ್ಪ ಹೊತ್ತು ಕೂತುಬಿಡಿ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಯಾರ ಸಿಟ್ಟು ಯಾರ ಮೇಲೆ, ಯಾರ ಅಕ್ಕರೆ ಯಾರಿಗೆ ಎಂಬುದೆಲ್ಲ ದನಿಯಿಂದಲೇ ತಿಳಿಯತೊಡಗುತ್ತದೆ.