ಅಂಕಿಯ ಬಗೆ ಮತ್ತು ವ್ಯಾಪ್ತಿ: ಒಂದು ವಿಮರ್ಶೆ

ಕಂಪೈಲರು ಚರವೊಂದರ ಬೆಲೆಯ ವ್ಯಾಪ್ತಿಯನ್ನು ಮೊದಲೇ ಗಣಿಸಿ, ಅನಗತ್ಯವೆಂದು ತೋರಿದ ಪರೀಕ್ಷೆಗಳನ್ನು ತೆಗೆದುಹಾಕುತ್ತದೆ. ಆದರೆ ಎಂಟು ಬಿಟ್‌ಗಳೂ 1 ಆಗಿರುವ ಅಂಕಿಯು ಚಿಹ್ನೆಯಿಲ್ಲದ ಬಗೆಯಲ್ಲಿ 255, ಚಿಹ್ನೆಯುಳ್ಳ ಬಗೆಯಲ್ಲಿ −1. ವ್ಯಾಪ್ತಿಯನ್ನೂ ಬೆಲೆಯನ್ನೂ ಬೇರೆ ಬೇರೆ ಬಗೆಗಳಲ್ಲಿಟ್ಟು ಹೋಲಿಸಿದರೆ ಅವಶ್ಯವಾದ ಪರೀಕ್ಷೆಯೇ ಅಳಿದುಹೋದೀತು. ಎರಡನ್ನೂ ಮೊದಲು ಒಂದೇ ಬಗೆಗೆ ತರುವುದೇ ಇದಕ್ಕೆ ಪರಿಹಾರ.

ಚರಿತ್ರಕಾರರಾದ ನಾವೂ ಈ ದೋಷದಿಂದ ಮುಕ್ತರಲ್ಲ. ಶಕ 1000 ಗತವರ್ಷವಾದರೆ ಕ್ರಿ.ಶ. 1078–79, ವರ್ತಮಾನವರ್ಷವಾದರೆ 1077–78. ಬಗೆಯನ್ನು ವಿಚಾರಿಸದೆ 78ನ್ನು ಕೂಡಿಸಿ ಒಂದೇ ಇಸವಿಯನ್ನು ಸಾರುವುದು ಪಾಂಡಿತ್ಯವೆನಿಸದು. ಅರಸನು ಪಟ್ಟಕ್ಕೆ ಬರುವ ಮುನ್ನವೇ ಅವನಿಂದ ದಾನ ಕೊಡಿಸಿದಂತಾದೀತು. ಕೊಳಾಲ ಸೀಮೆಯ ಶಾಸನಗಳನ್ನು ಗಣಕಕ್ಕೆ ಅಳವಡಿಸುವವರು ಸಂವತ್ಸರ, ತಿಥಿ, ವಾರಗಳಿಂದ ವರ್ಷದ ಬಗೆಯನ್ನು ಮೊದಲು ನಿಶ್ಚಯಿಸಲಿ. ಅದು ಸಾಧ್ಯವಾಗದಲ್ಲಿ 1077–79 ಎಂದು ವ್ಯಾಪ್ತಿಯನ್ನೇ ಬರೆಯುವುದು ಪ್ರಾಮಾಣಿಕವಾದ ಮಾರ್ಗ.