ಸಾವಿರ ಮಾಡ್, ಒಂದೇ ಮುಖ

‘ದಿ ಸಿಮ್ಸ್’ ಎಂಬ ಸಂಸಾರದ ಕಂಪ್ಯೂಟರ್ ಆಟ ಆಡುವವರನ್ನು ಯಾರನ್ನೇ ಕೇಳಿ, ಆಟದ ಕಂಪನಿಗೆ ಬೈಗುಳ, ಮಾಡ್‌ಗಳಿಗೆ ಹೊಗಳಿಕೆ, ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಕಂಪನಿ ಕೊಟ್ಟ ಮುಖಗಳು ಪೆಚ್ಚು, ಕೂದಲು ಪ್ಲಾಸ್ಟಿಕ್ಕು, ಬಟ್ಟೆ ಸಪ್ಪೆ. ಆಟಕ್ಕೆ ಜೀವ ಬಂದದ್ದೇ ಅಭಿಮಾನಿಗಳು ಮಾಡಿ ಹಂಚಿದ ಚರ್ಮ, ಕಣ್ಣು, ಕೂದಲು, ರೆಪ್ಪೆಗಳಿಂದ, ಅಂದರೆ ಮಾಡ್‌ಗಳಿಂದ. ಮಾಡ್ಸ್ ಫೋಲ್ಡರಿಗೆ ನಾಲ್ಕು ಫೈಲು ಹಾಕಿಕೊಂಡರೆ ಸಾಕು, ಯಾರನ್ನು ಬೇಕಾದರೂ ಸೃಷ್ಟಿಸಬಹುದು, ಹೇಳುವವರಿಲ್ಲ ಕೇಳುವವರಿಲ್ಲ. ಈ ಮಾತು ಎಷ್ಟು ಹಳೆಯದಾಗಿದೆಯೆಂದರೆ ಅದನ್ನು ಈಗ ಯಾರೂ ಒರೆಗೆ ಹಚ್ಚುವುದಿಲ್ಲ.

ಹಚ್ಚುವುದೇನೂ ಕಷ್ಟವಲ್ಲ. ಮಾಡ್‌ಗಳಲ್ಲಿ ಮುಳುಗಿಹೋದವರು ಹೆಮ್ಮೆಯಿಂದ ತೋರಿಸುವ ಸಿಮ್‌ಗಳ, ಅಂದರೆ ಆಟದ ಪಾತ್ರಗಳ, ಹತ್ತು ಚಿತ್ರಗಳನ್ನು ಸಾಲಾಗಿಟ್ಟು ನೋಡಿ. ತುದಿ ಮೇಲೆದ್ದ ಸಣ್ಣ ಮೂಗು, ಊದಿದ ತುಟಿ, ಕೆನ್ನೆಯೆಲುಬಿನ ಕೆಳಗೆ ಕೊರೆದಂಥ ನೆರಳು, ಗಾಜಿನಂತೆ ಹೊಳೆಯುವ ಕಣ್ಣು, ರಂಧ್ರವಿಲ್ಲದ ಚರ್ಮ. ಹತ್ತು ಊರಿನಲ್ಲಿ ಹತ್ತು ಜನ ಕೂತು ಮಾಡಿದ ಹತ್ತು ಹೆಂಗಸರು ಒಂದೇ ತಾಯಿಯ ಮಕ್ಕಳಂತಿರುತ್ತಾರೆ. ಆಯ್ಕೆ ಅಷ್ಟು ಹೆಚ್ಚಿದ್ದರೆ ಮುಖಗಳು ಇಷ್ಟು ಕಡಿಮೆಯೇಕೆ?

ಆಡುವವರ ಅಭಿರುಚಿಯನ್ನು ದೂರಿ ಮುಗಿಸಿಬಿಡಬಹುದು. ಆದರೆ ಅರ್ಧ ಕಾರಣ ತಂತ್ರದಲ್ಲೇ ಇದೆ. ಸರಣಿಯ ನಾಲ್ಕನೆಯ ಆಟವಾದ ಸಿಮ್ಸ್ 4ರಲ್ಲಿ ಮುಖವೆಂದರೆ ಎರಡು ಪದರ. ಒಂದು ಆಕಾರ. ಪಾತ್ರ ರೂಪಿಸುವ ಕ್ರಿಯೇಟ್ ಎ ಸಿಮ್‌ನಲ್ಲಿ ಮೌಸ್‌ನಿಂದ ಕೆನ್ನೆ ಹಿಡಿದೆಳೆದಾಗ, ಮೂಗನ್ನು ಒತ್ತಿದಾಗ ಬದಲಾಗುವುದು ಇದು. ಇನ್ನೊಂದು ಆ ಆಕಾರಕ್ಕೆ ಹೊದಿಸಿದ ಚಿತ್ರ, ಅಂದರೆ ಚರ್ಮ. ಸ್ಕಿನ್ ಓವರ್‌ಲೇ ಎಂದು ಕರೆಯುವ ಮಾಡ್ ಕೆಲಸ ಮಾಡುವುದು ಈ ಎರಡನೆಯ ಪದರದ ಮೇಲೆ. ಅದನ್ನು ಬರೆಯುವವರು ಮೂಗಿನ ಗೆರೆಗೆ ಹೊಳಪು, ಮೂಗಿನ ಪಕ್ಕಕ್ಕೆ ನೆರಳು, ಕೆಳತುಟಿಗೆ ಉಬ್ಬು, ದವಡೆಗೆ ಅಂಚು, ಎಲ್ಲವನ್ನೂ ಬಣ್ಣದಲ್ಲೇ ಬರೆದಿಟ್ಟಿರುತ್ತಾರೆ. ಈಗ ನೀವು ಅಗಲ ಮೂಗಿನವನೊಬ್ಬನನ್ನು ಕಷ್ಟಪಟ್ಟು ಕಡೆದು, ಮೇಲೆ ಆ ಓವರ್‌ಲೇ ಹೊದಿಸಿ ನೋಡಿ. ಆಕಾರ ಅಗಲವೇ ಇದೆ. ಆದರೆ ಕಣ್ಣಿಗೆ ಕಾಣುವುದು ಬರೆದಿಟ್ಟ ನೆರಳಿನ ಸಣ್ಣ ಮೂಗು. ನಿಮ್ಮ ಅರ್ಧ ಗಂಟೆಯ ಕೆಲಸವನ್ನು ಇನ್ಯಾರೋ ಬರೆದ ಚಿತ್ರ ನುಂಗಿಹಾಕಿತು. ನಮ್ಮಲ್ಲಿ ಮದುವೆ ಆಲ್ಬಮ್ ಮಾಡುವ ಸ್ಟುಡಿಯೋದವರು ಟಚಪ್ ಹೆಸರಿನಲ್ಲಿ ವಧು, ವಧುವಿನ ಸೋದರತ್ತೆ, ಪಕ್ಕದ ಮನೆಯ ಹುಡುಗಿ ಎಲ್ಲರನ್ನೂ ಒಂದೇ ಬಿಳುಪಿಗೆ ತಂದು ನಿಲ್ಲಿಸುತ್ತಾರಲ್ಲ, ಇದು ಅದೇ ಕೆಲಸ. ಒಂದೇ ವ್ಯತ್ಯಾಸ, ಇಲ್ಲಿ ಮುಖ ಕೊಟ್ಟವರೂ ನಾವೇ, ಅದನ್ನು ಅಳಿಸಿದವರೂ ನಾವೇ.

ಇದಕ್ಕೂ ಒಂದು ಹೆಜ್ಜೆ ಮುಂದಿನದು ಡೀಫಾಲ್ಟ್ ರಿಪ್ಲೇಸ್‌ಮೆಂಟ್. ಇದನ್ನು ಹಾಕಿದರೆ ಒಬ್ಬ ಸಿಮ್ ಅಲ್ಲ, ಊರಿಗೆ ಊರೇ ಬದಲಾಗುತ್ತದೆ. ಅಂಚೆಯವನಿಗೂ ಅಡುಗೆಯವನಿಗೂ ಹೊಸ ಕಣ್ಣು, ಹೊಸ ಚರ್ಮ. ಅಜ್ಜಿಯ ಸುಕ್ಕನ್ನೂ ಎಷ್ಟೋ ಓವರ್‌ಲೇಗಳು ಇಸ್ತ್ರಿ ಹಾಕಿದಂತೆ ತೆಗೆದುಬಿಡುತ್ತವೆ. ಸಿಮ್ಸ್ 4ರಲ್ಲಿ ಯುವಕನಿಗೂ ನಡುವಯಸ್ಕನಿಗೂ ಮುಖದಲ್ಲಿ ವ್ಯತ್ಯಾಸ ಮೊದಲೇ ಸಾಲದು ಎಂದು ಕಂಪನಿಯನ್ನು ಬೈಯುವವರೇ, ಉಳಿದ ಒಂದೆರಡು ಗೆರೆಗಳನ್ನೂ ಅಳಿಸುವ ಮಾಡ್ ಹುಡುಕಿಕೊಂಡು ಹೋಗುವುದು ತಮಾಷೆಯೇ ಸರಿ.

2004ರಲ್ಲಿ ಬಂದ ಸಿಮ್ಸ್ 2ರಲ್ಲಿ ಇದರ ಇನ್ನೂ ಸೊಗಸಾದ ಪಾಠವಿತ್ತು. ಆ ಆಟದ ಹೆಗ್ಗಳಿಕೆ ಆನುವಂಶಿಕತೆ. ಅಪ್ಪನ ಮೂಗು, ಅಮ್ಮನ ಕಣ್ಣು ಮಗುವಿಗೆ ಬರುತ್ತಿದ್ದವು. ಕಣ್ಣಿನ ಬಣ್ಣಗಳಲ್ಲಿ ಪ್ರಬಲ, ದುರ್ಬಲ ಎಂಬ ಭೇದವೂ ಇತ್ತು: ಕಂದು ಪ್ರಬಲ, ಹಸಿರು ದುರ್ಬಲ, ಹೀಗೆ. ಆದರೆ ಹೊರಗಿನಿಂದ ತಂದು ಹಾಕಿದ ಕಣ್ಣು, ಚರ್ಮಗಳನ್ನು ಆಟ ತಾನೇತಾನಾಗಿ ಪ್ರಬಲವೆಂದು ಎಣಿಸುತ್ತಿತ್ತು. ಡೌನ್‌ಲೋಡ್ ಮಾಡಿದ ಹೊಳೆಯುವ ಕಣ್ಣಿನ ಒಬ್ಬ ಸೊಸೆ ಮನೆಗೆ ಬಂದಳೋ, ಕೆಲವು ತಲೆಮಾರುಗಳಲ್ಲಿ ಬೀದಿ ತುಂಬ ಅದೇ ಕಣ್ಣು. ಆಟದ ಮೂಲ ಬಣ್ಣಗಳು ಸದ್ದಿಲ್ಲದೆ ವಂಶದಿಂದ ಜಾರಿಹೋಗುತ್ತಿದ್ದವು. ಮಾಡ್ ಮಾಡುವವರೇ ಇದನ್ನು ಗಮನಿಸಿ, ಫೈಲಿನೊಳಗೆ ಆನುವಂಶಿಕತೆಯ ಬೆಲೆಗಳನ್ನು ತಿದ್ದಿ, ಊರಿನ ಜೊತೆ ಹೊಂದಿಕೊಂಡು ಬಾಳುವ ಕಣ್ಣುಗಳನ್ನು ಮಾಡತೊಡಗಿದರು. ಮಾಡ್ ಲೋಕದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸಿದ ಕೆಲಸಗಳಲ್ಲಿ ಇದೊಂದು. ಅದರ ಹೆಸರೆತ್ತುವವರು ಮಾತ್ರ ಈಗ ಯಾರೂ ಸಿಗುವುದಿಲ್ಲ.

ಮೂಲ ಆಟದಲ್ಲಿ ಮುಖಕ್ಕೆ ಇಷ್ಟು ಮಹತ್ವವೇ ಇರಲಿಲ್ಲ ಎಂಬುದನ್ನೂ ಹೇಳಬೇಕು. ಆಟದ ಸೃಷ್ಟಿಕರ್ತ ವಿಲ್ ರೈಟ್ 1991ರಲ್ಲಿ ಅಮೆರಿಕದ ಓಕ್ಲೆಂಡ್ ಊರಿಗೆ ಬಿದ್ದ ಬೆಂಕಿಯಲ್ಲಿ ತಮ್ಮ ಮನೆ ಕಳೆದುಕೊಂಡರು. ಬದುಕನ್ನು ಮತ್ತೆ ಜೋಡಿಸಿಕೊಳ್ಳುವಾಗ ಯಾವ ವಸ್ತು ನಿಜಕ್ಕೂ ಬೇಕು, ಯಾವುದು ಬೇಡ ಎಂಬ ಯೋಚನೆಯಿಂದ ಈ ಆಟ ಮೊಳೆಯಿತು. ಮೊದಲಿಗೆ ಅದು ಮನೆ ಕಟ್ಟುವ ಆಟ. ಜನರನ್ನು ಒಳಗೆ ಬಿಟ್ಟದ್ದು ಮನೆ ಹೇಗಿದೆಯೆಂದು ಅಳೆಯುವುದಕ್ಕೆ. 2000ದ ಫೆಬ್ರುವರಿಯಲ್ಲಿ ಆಟ ಹೊರಬಂದಾಗ ಜನರೇ ಮನೆಯನ್ನು ನುಂಗಿದ್ದರು. ಆದರೂ ಆ ಮುಖಗಳು ಅಸ್ಪಷ್ಟವಾಗಿದ್ದವು. ಕಂಪ್ಯೂಟರುಗಳ ಶಕ್ತಿ ಸಾಲದ್ದು ಒಂದು ಕಾರಣ, ರೈಟ್ ಹಾಗೆ ಬಯಸಿದ್ದು ಇನ್ನೊಂದು. ಸ್ಕಾಟ್ ಮೆಕ್ಲೌಡ್ ಕಾಮಿಕ್ಸ್ ಬಗ್ಗೆ ಬರೆದ ಪುಸ್ತಕವನ್ನು ಅವರು ಮತ್ತೆ ಮತ್ತೆ ನೆನೆದಿದ್ದಾರೆ. ಮುಖದ ಗೆರೆ ಸರಳವಾದಷ್ಟೂ ನೋಡುವವರು ತಮ್ಮನ್ನು ಅದರೊಳಗೆ ತುಂಬಿಕೊಳ್ಳುತ್ತಾರೆ ಎಂಬುದು ಮೆಕ್ಲೌಡ್ ವಾದ. ಸಿಮ್‌ಗಳು ಮಾತಾಡುವ ಸಿಮ್ಲಿಶ್‌ಗೆ ಅರ್ಥವಿಲ್ಲದಿರುವುದೂ ಇದೇ ಕಾರಣಕ್ಕೆ. ಅರ್ಥವನ್ನು ನಾವು ತುಂಬಬೇಕು.

ರಂಧ್ರ, ರೋಮ, ಕಣ್ಣಂಚಿನ ತೇವದವರೆಗೆ ಎಲ್ಲವನ್ನೂ ಬರೆದಿಟ್ಟ ಆಲ್ಫಾ ಶೈಲಿಯ ಮಾಡ್‌ಗಳಲ್ಲಿ ತುಂಬಲು ಏನೂ ಉಳಿದಿರುವುದಿಲ್ಲ. ನೋಡಬಹುದು, ಫೋಟೋ ತೆಗೆಯಬಹುದು, ಅಷ್ಟೇ. ಆಡುವಾಗ ಆ ಸುಂದರಿ ಕಕ್ಕಸು ತೊಳೆಯಲು ನಿಂತರೆ, ಒಲೆಗೆ ಬೆಂಕಿ ಹತ್ತಿ ಕೈಕಾಲು ಬಡಿಯತೊಡಗಿದರೆ, ವ್ಯಂಗ್ಯಚಿತ್ರದಂಥ ಆ ಕುಣಿದಾಟಕ್ಕೂ ಮುಖಕ್ಕೂ ಹೊಂದುವುದೇ ಇಲ್ಲ. ಆಟದ ಮೂಲ ಸ್ಟುಡಿಯೋ ಮ್ಯಾಕ್ಸಿಸ್‌ನ ಹೆಸರಿನಲ್ಲಿ ಮ್ಯಾಕ್ಸಿಸ್ ಮ್ಯಾಚ್ ಎನ್ನುವ ಇನ್ನೊಂದು ಪಂಥ ಆಟದ ಮಣ್ಣಿನ ಬೊಂಬೆಯಂಥ ಶೈಲಿಗೇ ಅಂಟಿಕೊಂಡು ಕೂದಲು, ಬಟ್ಟೆ ಮಾಡುತ್ತದೆ. ಆ ಪಂಥದವರ ಬಗ್ಗೆ ಕಲ್ಪನೆ ಕಡಿಮೆಯವರೆಂದು ಆಲ್ಫಾದವರು ಮೂಗು ಮುರಿಯುವುದುಂಟು. ನನಗೆ ಕಲ್ಪನೆ ಕಾಣುವುದು ಅಲ್ಲೇ.

ಹಾಗಾದರೆ ಮಾಡ್ ಬೇಡವೆಂದೆ? ಹಾಗೆ ಹೇಳುವವನಿಗೆ ಸಿಮ್ಸ್ 4ರ ಚರಿತ್ರೆ ಗೊತ್ತಿಲ್ಲ. 2014ರ ಸೆಪ್ಟೆಂಬರಿನಲ್ಲಿ ಆಟ ಬಂದಾಗ ಈಜುಕೊಳವಿರಲಿಲ್ಲ, ತಪ್ಪುಹೆಜ್ಜೆಯಿಡುವ ಪುಟಾಣಿಗಳಿರಲಿಲ್ಲ; ಪುಟಾಣಿಗಳು ಬಂದದ್ದು 2017ರ ಜನವರಿಯಲ್ಲಿ. ಸಿಮ್ಸ್ 3ರಲ್ಲಿ ಪ್ರತಿ ಬಟ್ಟೆಯ ಬಣ್ಣ ಬದಲಿಸಲು ಇದ್ದ ಬಣ್ಣದ ಚಕ್ರವೂ ಮಾಯವಾಗಿತ್ತು. ಇವೆಲ್ಲಕ್ಕಿಂತ ನಾಚಿಕೆಗೇಡಿನದು ಕಪ್ಪು ಚರ್ಮದ ಗತಿ. ಇದ್ದ ಕೆಲವೇ ಕಡುಬಣ್ಣಗಳು ಬೂದಿ ಬಳಿದಂತೆ, ಮಚ್ಚೆ ಬಿದ್ದಂತೆ ಕಾಣುತ್ತಿದ್ದವು. ಕಡುಮೈಗೆ ಒಪ್ಪುವ ತುಟಿಬಣ್ಣವಿರಲಿಲ್ಲ, ಗುಂಗುರು ಕೂದಲಿಗೆ ಗುಂಗುರೇ ಇರಲಿಲ್ಲ. ಎಕ್ಸ್‌ಮಿರಾಮಿರಾ ಎಂಬ ಹೆಸರಿನಲ್ಲಿ ಪ್ರಸಿದ್ಧರಾದ ಅಮೀರಾ ವರ್ಜಿಲ್ ‘ಮೆಲನಿನ್ ಪ್ಯಾಕ್’ ಮಾಡಿದ್ದು ಈ ಕೊರತೆಗಾಗಿ. ತನ್ನಂಥ ಮೈಬಣ್ಣದವರನ್ನು ಆಟದೊಳಗೆ ತರಲು ಆಟ ಬಿಡದಿದ್ದಾಗ ಅವರೇ ಬಣ್ಣ ಕಲಸಿದರು. ಆಡುವವರ ಒತ್ತಾಯ ಜೋರಾದ ಮೇಲೆ, 2020ರ ಡಿಸೆಂಬರಿನಲ್ಲಿ ಕಂಪನಿ ನೂರಕ್ಕೂ ಹೆಚ್ಚು ಹೊಸ ಮೈಬಣ್ಣಗಳನ್ನು ಸೇರಿಸಿತು. ಆಟ ಬಂದು ಆಗಲೇ ಆರು ವರ್ಷ ದಾಟಿತ್ತು.

ಮೆಲನಿನ್ ಪ್ಯಾಕ್ ಮತ್ತು ಗಾಜುಗಣ್ಣಿನ ಓವರ್‌ಲೇ, ಎರಡೂ ಒಂದೇ ಫೋಲ್ಡರಿನಲ್ಲಿ ಕೂರುತ್ತವೆ, ಎರಡೂ ಪ್ಯಾಕೇಜ್ ಫೈಲುಗಳೇ. ಹಾಗೆಂದು ಎರಡಕ್ಕೂ ಒಂದೇ ಪ್ರಶಸ್ತಿ ಕೊಡುವುದೇ ನಾನು ಒಪ್ಪದ ಸಂಗತಿ. ಒಂದು, ಆಟದಲ್ಲಿ ಇಲ್ಲದ ಮನುಷ್ಯನನ್ನು ಒಳಗೆ ತಂದಿತು. ಇನ್ನೊಂದು, ಇದ್ದವರನ್ನೆಲ್ಲ ಒಬ್ಬಳನ್ನಾಗಿ ಮಾಡಿತು. ಮೊದಲನೆಯದು ಗಳಿಸಿದ ಗೌರವದ ಮರೆಯಲ್ಲಿ ಎರಡನೆಯದು ‘ವೈವಿಧ್ಯ’ದ ಹೆಸರಿನಲ್ಲಿ ಓಡಾಡುತ್ತಿದೆ.

ನಮಗೆ ಹತ್ತಿರದ ಉದಾಹರಣೆ ಸೀರೆ. ಸಿಮ್ಸ್ 4ರಲ್ಲಿ ಬಟ್ಟೆಗೆ ಬಟ್ಟೆಯ ಗುಣವಿಲ್ಲ. ಗಾಳಿಗೆ ಹಾರುವುದಿಲ್ಲ, ಜಾರುವುದಿಲ್ಲ. ಅದು ಮೈಯ ಎಲುಬುಗಳಿಗೆ ಕಟ್ಟಿದ ಒಂದು ಆಕಾರ. ಎಲುಬು ಎಲ್ಲಿಗೆ ಹೋದರೆ ಅಲ್ಲಿಗೆ ಎಳೆದುಕೊಂಡು ಹೋಗುತ್ತದೆ. ಪ್ಯಾಂಟು ಅಂಗಿಗೆ ಇದು ನಡೆಯುತ್ತದೆ. ಸೀರೆ ಉಟ್ಟವಳು ಕೂತರೆ ನಿರಿಗೆ ರಬ್ಬರಿನಂತೆ ಎರಡು ಮೊಣಕಾಲುಗಳ ನಡುವೆ ಹಿಗ್ಗುತ್ತದೆ. ಕೈಯೆತ್ತಿದರೆ ಸೆರಗು ತೋಳಿನೊಳಗೆ ನುಗ್ಗಿ ಹೊರಬರುತ್ತದೆ. ಯಾವ ಬಿಂದುವನ್ನು ಯಾವ ಎಲುಬಿಗೆ ಎಷ್ಟು ಕಟ್ಟಬೇಕೆಂದು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಕೂತು ತಾಳ್ಮೆಯಿಂದ ಹಂಚುವವರಿಗೆ ಮಾತ್ರ ನೋಡುವಂಥ ಸೀರೆ ದಕ್ಕುತ್ತದೆ. ಇದು ಕುಸುರಿ ಕೆಲಸ. ಕೊಡಗಿನವರಂತೆ ನಿರಿಗೆಯನ್ನು ಬೆನ್ನ ಹಿಂದಕ್ಕೆ ಹಾಕಿ, ಸೆರಗನ್ನು ಭುಜದ ಮೇಲೆ ಮುಂದಕ್ಕೆ ತಂದು ಸಿಕ್ಕಿಸಿದ ಸೀರೆಯನ್ನು ಯಾರಾದರೂ ಸರಿಯಾಗಿ ಮಾಡಿಕೊಟ್ಟರೆ, ಅದು ಸಾವಿರ ರೆಪ್ಪೆಗಳಿಗೆ ಸಮ. ಕಂಪನಿಯೂ 2021ರಲ್ಲಿ ಮುಂಬಯಿಯ ಉಡುಪಿನಿಂದ ಸ್ಫೂರ್ತಿ ಪಡೆದ ‘ಫ್ಯಾಷನ್ ಸ್ಟ್ರೀಟ್’ ಕಿಟ್ ಮಾರಿತು. ಆದರೆ ಇಡೀ ಭಾರತವನ್ನು ಒಂದು ಕಿಟ್ಟಿನಲ್ಲಿ ಮುಗಿಸುವುದು ಕಂಪನಿಗಳ ಹಳೆಯ ಅಭ್ಯಾಸ. ತುಂಬಬೇಕಾದ ಜಾಗ ಬೇಕಾದಷ್ಟಿದೆ.

ಎತ್ತರದ ವಿಷಯವೂ ಹೀಗೆಯೇ. ಸಿಮ್ಸ್ 4ರಲ್ಲಿ ಹದಿಹರೆಯದ ಹುಡುಗ, ಅವನ ಅಪ್ಪ, ತಾತ ಎಲ್ಲರೂ ಒಂದೇ ಅಳತೆ. ಕಾರಣ ಸೋಮಾರಿತನವಲ್ಲ. ಅಪ್ಪುಗೆ, ಮುತ್ತು, ಹಸ್ತಲಾಘವ, ಎಲ್ಲ ಚಲನೆಗಳೂ ಆ ಒಂದೇ ಅಳತೆಗೆ ಬರೆದವು. ಎತ್ತರ ಬದಲಿಸುವ ಸ್ಲೈಡರ್ ಮಾಡ್ ಹಾಕಿದರೆ ಗಂಡ ಕೊಟ್ಟ ಮುತ್ತು ಹೆಂಡತಿಯ ಹಣೆಯ ಮೇಲಿನ ಗಾಳಿಗೆ ಬೀಳುತ್ತದೆ, ಅಪ್ಪಿದ ಕೈಗಳು ಬೆನ್ನೊಳಗೆ ಹೂತುಹೋಗುತ್ತವೆ. ಆದರೂ ನನಗೆ ಈ ಮಾಡ್ ಇಷ್ಟ. ಕುಳ್ಳಗಿನ ಅಮ್ಮ, ಉದ್ದನೆಯ ಮಗಳು ಅಡುಗೆಮನೆಯಲ್ಲಿ ಅಕ್ಕಪಕ್ಕ ನಿಂತರೆ ಅದೊಂದು ಮನೆ ಅನ್ನಿಸುತ್ತದೆ. ಆಟವನ್ನು ಅಷ್ಟಿಷ್ಟು ಕೆಡಿಸಿಯಾದರೂ ಭೇದವನ್ನು ತರುವ ಮಾಡ್ ಇದು. ಓವರ್‌ಲೇ ಆಟವನ್ನು ಎಲ್ಲಿಯೂ ಕೆಡಿಸುವುದಿಲ್ಲ, ಭೇದವನ್ನು ಮಾತ್ರ ತೆಗೆಯುತ್ತದೆ.

ನನಗೆ ಬರಬಹುದಾದ ಉತ್ತರ ಗೊತ್ತು: ದುಡ್ಡು ಕೊಟ್ಟಿಲ್ಲ, ಯಾರಿಗೂ ತೊಂದರೆ ಮಾಡಿಲ್ಲ, ನನ್ನ ಬೊಂಬೆ ನನ್ನ ಇಷ್ಟ. ದುಡ್ಡಿನ ಮಾತು ಅಷ್ಟು ನೇರವಿಲ್ಲ. ಮಾಡ್‌ಗಳನ್ನು ಕೆಲಕಾಲ ದುಡ್ಡು ಕೊಡುವ ಬೆಂಬಲಿಗರಿಗಷ್ಟೇ ಮೊದಲು ಕೊಟ್ಟರೂ ಆಮೇಲೆ ಎಲ್ಲರಿಗೂ ಉಚಿತವಾಗಿ ಬಿಡಬೇಕೆಂದು ಕಂಪನಿ 2022ರಲ್ಲಿ ನಿಯಮ ಹೇಳಬೇಕಾಗಿ ಬಂತು. ತಿಂಗಳು ತಿಂಗಳು ಬೆಂಬಲಿಗರಿಗೆ ಹೊಸದನ್ನು ಕೊಡಬೇಕಾದವರು ಬಹುಜನ ಒಪ್ಪುವ ಮುಖವನ್ನೇ ಮಾಡುತ್ತಾರೆ, ಅವರನ್ನು ದೂರುವಂತಿಲ್ಲ. ‘ನನ್ನ ಇಷ್ಟ’ ಎಂಬುದನ್ನು ಒಪ್ಪುತ್ತೇನೆ, ಯಾರ ಫೋಲ್ಡರಿಗೂ ಕಾವಲು ಕೂರುವ ಆಸೆ ನನಗಿಲ್ಲ. ಆದರೆ ಒಂದು ಸಂಗತಿಯನ್ನು ನೋಡಿ. ಈ ಆಟದಲ್ಲಿ ಬೆಳ್ಳಗಿದ್ದವಳಿಗೆ ಸಂಬಳ ಹೆಚ್ಚಿಲ್ಲ. ಕಪ್ಪಗಿದ್ದವಳ ಮದುವೆ ಮುರಿಯುವುದಿಲ್ಲ. ವರಾನ್ವೇಷಣೆಯ ಜಾಹೀರಾತುಗಳಲ್ಲಿ ‘ಬೆಳ್ಳಗಿನ ವಧು’ವನ್ನು ಓದಿಕೊಂಡು ಬೆಳೆದ ನಮಗೆ ಇದು ಸಣ್ಣ ಬಿಡುಗಡೆಯಲ್ಲ. ಅಂಥ ಊರೊಂದು ಕೈಗೆ ಸಿಕ್ಕಾಗಲೂ ಮೊದಲು ತಂದು ಹಾಕುವುದು ಬಿಳುಪಿನ ಓವರ್‌ಲೇಯನ್ನೇ ಆದರೆ, ಆ ಇಷ್ಟ ಎಲ್ಲಿಂದ ಬಂತು ಎಂದು ಕೇಳುವ ಹಕ್ಕು ವಿಮರ್ಶಕನಿಗಿದೆ.

ಈ ಪ್ರಶ್ನೆ ಇನ್ನು ಮಾಡ್‌ಗಳಿಗಷ್ಟೇ ಉಳಿಯುವುದಿಲ್ಲ. 2025ರ ಮಾರ್ಚ್‌ನಲ್ಲಿ ಕೊರಿಯಾದ ಕ್ರಾಫ್ಟನ್ ‘ಇನ್‌ಝೋಯ್’ ಎಂಬ ಇಂಥದೇ ಆಟವನ್ನು ಅರ್ಲಿ ಆಕ್ಸೆಸ್‌ನಲ್ಲಿ, ಅಂದರೆ ಪೂರ್ಣಗೊಳ್ಳುವ ಮುನ್ನವೇ, ಬಿಟ್ಟಿತು. ನಮ್ಮ ಹುಡುಗರಿಗೆ ಪಬ್‌ಜಿಯಿಂದ ಪರಿಚಯವಿರುವ ಕಂಪನಿ ಅದೇ. ಅನ್‌ರಿಯಲ್ ಎಂಜಿನ್ 5ರ ಬೆಳಕಿನಲ್ಲಿ ಅದರ ಮುಖಗಳು ಕಣ್ಣು ಕೋರೈಸುತ್ತವೆ. ಸಿಮ್ಸ್ ಆಡುವವರು ಗಂಟೆಗಟ್ಟಲೆ ಫೈಲು ಹುಡುಕಿ ಪಡೆಯುತ್ತಿದ್ದ ಆಲ್ಫಾ ಚೆಲುವು ಇಲ್ಲಿ ಪೆಟ್ಟಿಗೆ ತೆರೆದಾಗಲೇ ಸಿದ್ಧ. ಬೀದಿಯಲ್ಲಿ ಹೋಗುವವರೆಲ್ಲ ಧಾರಾವಾಹಿಯ ನಾಯಕ ನಾಯಕಿಯರು. ಮುದುಕರ ಮುಖದಲ್ಲೂ ಮುಪ್ಪು ಅಳುಕುತ್ತಲೇ ಕಾಣಿಸಿಕೊಳ್ಳುತ್ತದೆ. ಮಾಡ್ ಲೋಕದ ಅಭಿರುಚಿ ಈಗ ಸ್ಟುಡಿಯೋದ ಅಭಿರುಚಿಯೇ ಆಗಿರುವುದರಿಂದ, ಅಲ್ಲಿ ಮಾಡ್ ಮಾಡುವವರಿಗೆ ಉಳಿದಿರುವುದು ತಿರುಗುಮುರುಗು ಕೆಲಸ: ಸೊಟ್ಟ ಹಲ್ಲು, ಬೋಳು ತಲೆ, ಸಿಡುಬಿನ ಕಲೆ, ದಪ್ಪ ಕನ್ನಡಕದ ಹಿಂದೆ ಕುಗ್ಗಿದ ಕಣ್ಣು. ಅವನ್ನು ಡೌನ್‌ಲೋಡ್ ಮಾಡಿಕೊಳ್ಳುವವರು ಎಷ್ಟು ಜನ ಸಿಗುತ್ತಾರೆ ಎಂಬುದರಲ್ಲಿ, ಮಾಡ್ ಎಂದರೆ ವೈವಿಧ್ಯ ಎನ್ನುವವರ ಮಾತಿನ ತೂಕ ಗೊತ್ತಾಗುತ್ತದೆ.