ಹಂಚಿಕೆಯೋ ಸರದಿಯೋ: ಐಟಿಎಸ್ ವ್ಯವಸ್ಥೆಯ ಮೂಲ ಪದಗಳು ಮತ್ತು ಕನ್ನಡ ಗಣಕ ಪರಿಭಾಷೆ

ಕನ್ನಡದ ಗಣಕ ಪರಿಭಾಷೆಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ನಡೆದಿದೆ: ಪದ ಸಂಸ್ಕೃತದಿಂದ ಬರಬೇಕೆ, ಕನ್ನಡದ ಬೇರಿನಿಂದ ಹುಟ್ಟಬೇಕೆ, ಇಂಗ್ಲಿಷಿನದನ್ನೇ ಇಟ್ಟುಕೊಳ್ಳಬೇಕೆ? ‘ತಂತ್ರಾಂಶ’, ‘ಯಂತ್ರಾಂಶ’ಗಳ ಪರವಾಗಿ ಒಂದು ಪಕ್ಷವಿದೆ, ಡಿ. ಎನ್. ಶಂಕರ ಭಟ್ಟರು ಪ್ರತಿಪಾದಿಸಿದ ಕನ್ನಡದ್ದೇ ಪದರಚನೆಯ ಪರವಾಗಿ ಇನ್ನೊಂದಿದೆ. ಪದದ ಕುಲಮೂಲವನ್ನು ವಿಚಾರಿಸುವ ಈ ಭರದಲ್ಲಿ ಅದರ ವ್ಯಾಕರಣ ಹಿಂದುಳಿದಿದೆ. ಪದವೊಂದು ವಾಕ್ಯದೊಳಗೆ ಬಂದಾಗ ಯಾರು ಕರ್ತೃ, ಎಷ್ಟು ಜನ, ಯಾರ ಮೇಲೆ ಯಾರ ಹಿಡಿತ ಎಂಬುದನ್ನು ಅದು ಹೇಳಬಲ್ಲುದೆ ಎಂದು ನಾವು ಕೇಳಿದ್ದು ಕಡಿಮೆ.

ಈ ಪರೀಕ್ಷೆಗೆ ಎಂಐಟಿಯ ‘ಇನ್‌ಕಂಪ್ಯಾಟಿಬಲ್ ಟೈಮ್‌ಶೇರಿಂಗ್ ಸಿಸ್ಟಮ್’, ಅಂದರೆ ಐಟಿಎಸ್, ಒಳ್ಳೆಯ ಪಠ್ಯ. 1960ರ ದಶಕದ ಕೊನೆಯಲ್ಲಿ ಪಿಡಿಪಿ-6 ಯಂತ್ರಕ್ಕಾಗಿ ರೂಪುಗೊಂಡು, ಅನಂತರ ಪಿಡಿಪಿ-10ಕ್ಕೆ ಸಾಗಿದ ವ್ಯವಸ್ಥೆಯಿದು. 1969ರ ಅದರ ಕೈಪಿಡಿಯ ಶಬ್ದಸಂಪತ್ತು ಚಿಕ್ಕದು, ನಿರಾಡಂಬರವಾದದ್ದು. ಪಿಡಿಪಿ-10ರ ವಂಶದ ಡೆಕ್-10 ಯಂತ್ರ 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಬಳಕೆಯಲ್ಲಿತ್ತು. ಅಲ್ಲಿ ಓಡಿದ್ದು ಐಟಿಎಸ್ ಅಲ್ಲ. ಅದರ ಸುತ್ತ ಕನ್ನಡ ಪರಿಭಾಷೆಯೂ ಬೆಳೆಯಲಿಲ್ಲ. ನಮ್ಮ ಇಂದಿನ ‘ಕಡತ’, ‘ಕಡತಕೋಶ’, ‘ಬಳಕೆದಾರ’, ‘ಗುಪ್ತಪದ’, ‘ಪ್ರಕ್ರಿಯೆ’ಗಳು ನೆಲೆಗೊಂಡದ್ದು ಆಮೇಲೆ, ಮುಖ್ಯವಾಗಿ ಮುಕ್ತ ತಂತ್ರಾಂಶಗಳ ಪರದೆಗಳನ್ನು ಅನುವಾದಿಸಿದ ಕಾಲದಲ್ಲಿ. ಆ ಹೊತ್ತಿಗೆ ಒಂದು ಯಂತ್ರದ ಮುಂದೆ ಒಬ್ಬರೇ ಕೂರುವುದು ವಾಡಿಕೆಯಾಗಿತ್ತು. ಹಲವರು ಒಂದೇ ಯಂತ್ರವನ್ನು ಏಕಕಾಲಕ್ಕೆ ಬಳಸುವ ಸನ್ನಿವೇಶದಲ್ಲಿ ಈ ಪದಗಳು ನಿಲ್ಲುತ್ತವೆಯೇ ಎಂಬ ಪರೀಕ್ಷೆ ನಡೆಯಲೇ ಇಲ್ಲ.

ಮೊದಲು ವ್ಯವಸ್ಥೆಯ ಹೆಸರನ್ನೇ ನೋಡೋಣ. ‘ಟೈಮ್‌ಶೇರಿಂಗ್’ ಎಂಬುದಕ್ಕೆ ‘ಕಾಲ ಹಂಚಿಕೆ’, ‘ಸಮಯ ಹಂಚಿಕೆ’ ಎಂಬ ರೂಪಗಳಿವೆ. ಕನ್ನಡದಲ್ಲಿ ‘ಹಂಚು’ ಬೇರೆ, ‘ಹಂಚಿಕೊಳ್ಳು’ ಬೇರೆ. ಮೊದಲನೆಯದರಲ್ಲಿ ಹಂಚುವವರು ಹೊರಗಿದ್ದಾರೆ. ಎರಡನೆಯದರಲ್ಲಿ ಪಡೆಯುವವರೇ ಹಂಚುವವರು. ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದ ಹೊತ್ತುತರುವ ಈ ಆತ್ಮಾರ್ಥವನ್ನು ‘ಹಂಚಿಕೆ’ ಎಂಬ ನಾಮರೂಪ ಕಳೆದುಬಿಡುತ್ತದೆ. ‘ಹಂಚಿಕೊಳ್ಳುವಿಕೆ’ ಅದನ್ನು ಉಳಿಸುತ್ತದೆ, ಆದರೆ ಉದ್ದವಾಯಿತೆಂದು ಪದಪಟ್ಟಿಗಳು ಅದನ್ನು ಬದಿಗಿಡುತ್ತವೆ. ಉದ್ದಕ್ಕೆ ಹೆದರಿ ಅರ್ಥವನ್ನು ತೆತ್ತ ವ್ಯಾಪಾರವಿದು. ಇತಿಹಾಸದಲ್ಲಿ ಈ ಎರಡೂ ಅರ್ಥಗಳು ಎರಡು ವ್ಯವಸ್ಥೆಗಳಾಗಿಯೇ ಇದ್ದವು. 1961ರಲ್ಲಿ ಫರ್ನಾಂಡೊ ಕೊರ್ಬಾಟೊ ನೇತೃತ್ವದಲ್ಲಿ ಪ್ರದರ್ಶನಗೊಂಡು ಮುಂದೆ ಬೆಳೆದ ಸಿಟಿಎಸ್‌ಎಸ್‌ನಲ್ಲಿ ಗುಪ್ತಪದವಿತ್ತು, ಒಬ್ಬೊಬ್ಬರಿಗೆ ಇಷ್ಟೇ ಎಂಬ ಮಿತಿಯಿತ್ತು, ಅದು ಹಂಚಿಕೆ. ಅದರ ಹೆಸರನ್ನೇ ಅಣಕಿಸಿ ಹೆಸರಿಟ್ಟುಕೊಂಡ ಐಟಿಎಸ್‌ನಲ್ಲಿ ಮೊದಮೊದಲು ಗುಪ್ತಪದವಿರಲಿಲ್ಲ, ಒಬ್ಬರ ಪರದೆಯನ್ನು ಇನ್ನೊಬ್ಬರು ತಮ್ಮಲ್ಲಿ ಕಾಣಬಹುದಾಗಿತ್ತು, ಅದು ಹಂಚಿಕೊಳ್ಳುವಿಕೆ. (ಅಣಕವನ್ನು ಕನ್ನಡ ಚೆನ್ನಾಗಿಯೇ ತಾಳುತ್ತದೆ: ಒಂದು ‘ಹೊಂದುವ’ ವ್ಯವಸ್ಥೆ, ಇನ್ನೊಂದು ‘ಹೊಂದದ’ ವ್ಯವಸ್ಥೆ.) ಇವೆರಡಕ್ಕೂ ‘ಹಂಚಿಕೆ’ ಎಂದೇ ಹೇಳುವ ಪರಿಭಾಷೆ ಅವುಗಳ ನಡುವಿನ ಜಗಳವನ್ನು ಕನ್ನಡ ಓದುಗರಿಂದ ಮುಚ್ಚಿಡುತ್ತದೆ.

ಇನ್ನೂ ಒಂದು ತೊಡಕಿದೆ. ಆಸ್ತಿಯನ್ನು ಹಂಚಿದ ಮೇಲೆ ಪಾಲು ಪಡೆದವರಲ್ಲಿಯೇ ಉಳಿಯುತ್ತದೆ. ಯಂತ್ರದ ಕಾಲ ಹಾಗಲ್ಲ; ಸೆಕೆಂಡಿನ ಒಂದಂಶದಷ್ಟು ಕೊಟ್ಟು ಹಿಂದಕ್ಕೆ ಪಡೆದು ಮುಂದಿನವರಿಗೆ ಕೊಡುವಂಥದು. ಇದಕ್ಕೆ ಕನ್ನಡದಲ್ಲಿ ‘ಸರದಿ’ ಇದೆ, ‘ಪಾಳಿ’ ಇದೆ. ಪಾಲು ಮತ್ತು ಪಾಳಿ ಎರಡನ್ನೂ ಒಂದೇ ಪದದಲ್ಲಿ ಹಿಡಿಯುವುದು ತೆಲುಗಿನ ‘ವಂತು’. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಲ್ಲಿ ಈ ಮಾತನ್ನು ವಿವರಿಸಬೇಕಾಗಿಲ್ಲ. ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಹಿಂದೂ ಮುಸಲ್ಮಾನರಿಬ್ಬರೂ ಬರುವ ಈ ಗಡಿಸೀಮೆಯಲ್ಲಿ ತೆಲುಗಿನ ‘ವಂತು’, ಕನ್ನಡದ ‘ಸರದಿ’, ದಖನಿಯ ‘ಬಾರಿ’ ಒಂದಕ್ಕೊಂದು ನೆರೆಮನೆಯವು. ಶಿಷ್ಟ ಕನ್ನಡದಲ್ಲಿ ರೂಪದಿಂದ ಇದಕ್ಕೆ ಹತ್ತಿರವಾದ ‘ವಂತಿಗೆ’ ಹಬ್ಬಕ್ಕೋ ಜಾತ್ರೆಗೋ ಎತ್ತುವ ಪಾಲಿನ ಹಣವಾಗಿ ಮಾತ್ರ ಪರಿಚಿತ; ಅದರಲ್ಲಿ ಸರದಿಯ ಅರ್ಥ ಕೇಳಿಸುವುದಿಲ್ಲ. ಇಲ್ಲಿನ ಕೆರೆ ಅಚ್ಚುಕಟ್ಟುಗಳಲ್ಲಿ ತೂಬು ತೆಗೆದು ಗದ್ದೆಯಿಂದ ಗದ್ದೆಗೆ ನೀರು ಹಾಯಿಸುತ್ತಿದ್ದವನು ನೀರುಗಂಟಿ. ನೀರು ಕಡಿಮೆಯಾದ ವರ್ಷ ಅವನ ಕೆಲಸ ಹಂಚಿಕೆಯಾಗಿ ಉಳಿಯದೆ ಸರದಿಯಾಗುತ್ತಿತ್ತು. ಯಂತ್ರದೊಳಗೆ ಕಾಲವನ್ನು ಹಾಯಿಸುವ ಭಾಗಕ್ಕೆ ‘ನೀರುಗಂಟಿ’ ಎಂದು ಹೆಸರಿಡಬೇಕೆಂದು ನಾನು ಸೂಚಿಸುತ್ತಿಲ್ಲ. ರೂಪಕದ ಮೋಹ ಪರಿಭಾಷೆಗೆ ಒಳ್ಳೆಯದಲ್ಲ. ಸೂಚಿಸುತ್ತಿರುವುದು ಇಷ್ಟು: ನೆನಪಿನಕೋಶಕ್ಕೆ ‘ಹಂಚಿಕೆ’, ಕಾಲಕ್ಕೆ ‘ಸರದಿ’, ಬಳಸುವವರ ಸಂಬಂಧಕ್ಕೆ ‘ಹಂಚಿಕೊಳ್ಳುವಿಕೆ’ ಎಂಬ ಮೂರು ಪದಗಳು ಕನ್ನಡದಲ್ಲಿ ಸಿದ್ಧವಾಗಿವೆ, ಒಂದನ್ನೇ ಮೂರಕ್ಕೂ ತೊಡಿಸುವ ಅಗತ್ಯವಿಲ್ಲ.

‘ಬಳಕೆದಾರ’ ಎಂಬ ಪದದ ಬಗ್ಗೆ ನನ್ನ ಆಕ್ಷೇಪ ಅದರ ಪರ್ಷಿಯನ್ ಪ್ರತ್ಯಯಕ್ಕಲ್ಲ. ‘ಪಾಲುದಾರ’, ‘ಹಕ್ಕುದಾರ’ರ ಸಾಲಿನಲ್ಲಿ ಅದು ಗೌರವವಾಗಿಯೇ ನಿಲ್ಲುತ್ತದೆ. ತೊಂದರೆ ವಚನದ್ದು. ‘ಬಳಕೆದಾರರು ವ್ಯವಸ್ಥೆಯಲ್ಲಿದ್ದಾರೆ’ ಎಂಬ ವಾಕ್ಯದಲ್ಲಿ ಇರುವವರು ಒಬ್ಬರೋ ಹಲವರೋ? ಗೌರವಸೂಚಕ ಏಕವಚನ ಮತ್ತು ಬಹುವಚನಗಳಿಗೆ ಒಂದೇ ರೂಪವಿರುವುದರಿಂದ ವಾಕ್ಯ ಉತ್ತರಿಸುವುದಿಲ್ಲ. ಒಬ್ಬರ ಯಂತ್ರದಲ್ಲಿ ಈ ಅಸ್ಪಷ್ಟತೆ ಯಾರನ್ನೂ ಬಾಧಿಸದು. ಸರದಿಯ ಯಂತ್ರದಲ್ಲಿ ‘ಎಷ್ಟು ಜನ’ ಎಂಬುದೇ ಮುಖ್ಯ. ಯಂತ್ರ ಎಷ್ಟು ನಿಧಾನವಾಗಿದೆ ಎಂಬುದು ಅದನ್ನೇ ಅವಲಂಬಿಸಿದೆ. ‘ಬಳಕೆದಾರ ಇದ್ದಾನೆ’ ಎಂದರೆ ಸಂಖ್ಯೆ ಸ್ಪಷ್ಟವಾಗುತ್ತದೆ, ಗೌರವ ಹೋಗುತ್ತದೆ, ಜೊತೆಗೆ ಹೆಂಗಸರೂ ಹೊರಗಾಗುತ್ತಾರೆ. ವ್ಯಾಕರಣಜ್ಞರು ಹಾಸ್ಯಮಾಡುವ ‘ಅವರುಗಳು’, ‘ಸದಸ್ಯರುಗಳು’ ಎಂಬ ಇಮ್ಮಡಿ ಬಹುವಚನ ಇಲ್ಲಿ ನಿಜವಾದ ಕೆಲಸ ಮಾಡುತ್ತದೆ. ‘ಬಳಕೆದಾರರುಗಳು’ ತಪ್ಪೆಂದು ತಿದ್ದುವವರು ಅದು ತುಂಬುವ ಜಾಗಕ್ಕೆ ಇನ್ನೊಂದು ರೂಪವನ್ನು ಕೊಡಬೇಕಾಗುತ್ತದೆ.

ಐಟಿಎಸ್‌ನಲ್ಲಿ ಓಡುವ ಪ್ರತಿಯೊಂದು ಕಾರ್ಯಕ್ರಮವೂ ಒಂದು ‘ಜಾಬ್’. ಒಂದು ಜಾಬ್ ಇನ್ನೊಂದನ್ನು ಸೃಷ್ಟಿಸಿದರೆ ಸೃಷ್ಟಿಸಿದ್ದು ‘ಸುಪೀರಿಯರ್’, ಸೃಷ್ಟಿಯಾದದ್ದು ‘ಇನ್‌ಫೀರಿಯರ್’. ಮೇಲಿನದು ಕೆಳಗಿನದನ್ನು ನಿಲ್ಲಿಸಬಹುದು, ಅದರ ನೆನಪಿನಕೋಶವನ್ನು ಓದಬಹುದು, ತಿದ್ದಬಹುದು. ಮೇಲಿನದನ್ನು ಕೊಂದರೆ ಕೆಳಗಿನವೂ ಸಾಯುತ್ತವೆ. ಅನಂತರ ಬಂದ ಯುನಿಕ್ಸ್ ಇದೇ ಸಂಬಂಧವನ್ನು ನಂಟಸ್ತಿಕೆಯ ಮಾತಿಗೆ ತಿರುಗಿಸಿತು: ಹೆತ್ತವರು, ಮಗು, ಅನಾಥ. ನಂಟಸ್ತಿಕೆಯ ರೂಪಕಕ್ಕೆ ಕನ್ನಡ ಅರ್ಧ ಮಾತ್ರ ಒಗ್ಗುತ್ತದೆ. ‘ಮಗು’ ನಪುಂಸಕವಾದ್ದರಿಂದ ‘ಮಗು ಕಾಯುತ್ತದೆ’ ಎನ್ನಲು ಅಡ್ಡಿಯಿಲ್ಲ. ಆದರೆ ಹೆತ್ತವರಲ್ಲಿ ಒಬ್ಬರನ್ನು ಲಿಂಗವಿಲ್ಲದೆ ಹೆಸರಿಸುವ ಸಹಜ ಪದ ನಮ್ಮಲ್ಲಿಲ್ಲ. ‘ತಾಯಿ’ ಎಂದರೆ ‘ಕಾಯುತ್ತಾಳೆ’. ‘ತಾಯಿಪ್ರಕ್ರಿಯೆ’ ಎಂದು ಸಮಾಸ ಮಾಡಿ ಉತ್ತರಪದದ ನಪುಂಸಕವನ್ನು ಎರವಲು ಪಡೆದಾಗಷ್ಟೇ ‘ಕಾಯುತ್ತದೆ’.

ಐಟಿಎಸ್‌ನ ಶ್ರೇಣಿಪದಗಳ ಅಪಾಯ ಬೇರೆ ಬಗೆಯದು. ‘ಮೇಲು–ಕೀಳು’ ಎಂಬ ಜೋಡಿ ಕನ್ನಡದಲ್ಲಿ ಜಾತಿಯನ್ನು ಹೇಳದೆ ಬಾಯಿಗೆ ಬರುವುದಿಲ್ಲ. ‘ಕೀಳು ಕೆಲಸ’ ಎಂದು ಅನುವಾದಿಸಿದ ಕ್ಷಣ ತಾಂತ್ರಿಕ ಸಂಬಂಧ ಸಾಮಾಜಿಕ ತೀರ್ಪಾಗುತ್ತದೆ. ತೂಬಿನ ಹಿಡಿತವಿದ್ದ ನೀರುಗಂಟಿಯ ಹೊಣೆ ಬಹುಮಟ್ಟಿಗೆ ದಲಿತ ಮನೆಗಳದಾಗಿತ್ತು ಎಂಬುದನ್ನು ನೆನೆದರೆ, ನಿಯಂತ್ರಣವನ್ನೂ ಅಂತಸ್ತನ್ನೂ ಒಂದೇ ಪದದಲ್ಲಿ ಕಟ್ಟುವುದು ನಮ್ಮ ಅನುಭವಕ್ಕೂ ಸುಳ್ಳು. ‘ಕೆಳಗಿನ’ ಎಂಬ ಸ್ಥಳವಾಚಿ ವಿಶೇಷಣ ಪರವಾಗಿಲ್ಲ. ‘ಅಧೀನ’ ಇನ್ನೂ ನಿಖರ. ಹಿಡಿತವನ್ನು ಹೇಳುತ್ತದೆ, ಯೋಗ್ಯತೆಯನ್ನು ಹೇಳುವುದಿಲ್ಲ. ಸಂಸ್ಕೃತ ಪದವೆಂಬ ಒಂದೇ ಕಾರಣಕ್ಕೆ ಅದನ್ನು ಬಿಟ್ಟುಕೊಡಲಾಗದು.

‘ಕಡತ’ದ ಬಗ್ಗೆ ದೂರಿಲ್ಲ. ಸರ್ಕಾರಿ ಕಚೇರಿಯ ದಾರಿಯಿಂದ ಗಣಕಕ್ಕೆ ಬಂದ ಈ ಪದದ ಹಳೆಯ ಅರ್ಥ, ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು ಮಡಿಕೆ ಮಾಡಿದ ಬಟ್ಟೆ. ಅದರ ಮೇಲೆ ಬಳಪದಲ್ಲಿ ಬರೆದು, ಅಳಿಸಿ, ಮತ್ತೆ ಬರೆಯಬಹುದಿತ್ತು. ಕಾಗದಗಳನ್ನು ಪೋಣಿಸುವ ದಾರದಿಂದ ಹುಟ್ಟಿದ ಇಂಗ್ಲಿಷ್ ‘ಫೈಲ್’ಗಿಂತ ಇದು ಡಿಸ್ಕಿಗೆ ಹತ್ತಿರ. ಐಟಿಎಸ್‌ನಲ್ಲಾದರೋ ಹೆಸರಿನ ಎರಡನೆಯ ಭಾಗವಾಗಿ ‘>’ ಚಿಹ್ನೆ ಬರೆದರೆ ಹಳೆಯದು ಅಳಿಯದೆ ಮುಂದಿನ ಸಂಖ್ಯೆಯ ಹೊಸದೊಂದು ಹುಟ್ಟುತ್ತಿತ್ತು. ಅಷ್ಟರ ಮಟ್ಟಿಗೆ ಅದು ಕಡತವಲ್ಲ, ಓಲೆಗರಿ.

ಕಡತದ ಹೆಸರಿನ ಪ್ರತಿ ಭಾಗಕ್ಕೂ ಬಳಕೆದಾರರ ಹೆಸರಿಗೂ ಅಲ್ಲಿ ಆರು ಚಿಹ್ನೆಗಳ ಮಿತಿಯಿತ್ತು. 36 ಬಿಟ್‌ಗಳ ಒಂದು ಯಂತ್ರಪದದಲ್ಲಿ ತಲಾ 6 ಬಿಟ್‌ಗಳ ಆರು ಚಿಹ್ನೆಗಳು. ಮುರುಗಮಲ್ಲವನ್ನು ರೋಮನ್ ಲಿಪಿಯಲ್ಲಿ ಬರೆದರೆ 11 ಅಕ್ಷರ. ಆರಕ್ಕೆ ಕತ್ತರಿಸಿದರೆ ‘ಮುರುಗ’ ಉಳಿಯುತ್ತದೆ. ಚಿಂತಾಮಣಿಯದು ಇನ್ನೂ ಕಷ್ಟ: ಮಣಿ ಹೋಗಿ ಚಿಂತೆ ಮಾತ್ರ ನಿಲ್ಲುತ್ತದೆ. ಕನ್ನಡದಲ್ಲಿ ಬರೆದಾಗ ‘ಮುರುಗಮಲ್ಲ’ ಐದು ಅಕ್ಷರ, ಆರರ ಮಿತಿಯೊಳಗೆ ಸುಖವಾಗಿ ಕೂರುವಂಥದು. ಯೂನಿಕೋಡ್ ಎಣಿಕೆಯಲ್ಲಿ ಅದೇ ಹೆಸರು ಒಂಬತ್ತು: ಎರಡು ಉಕಾರಗಳೂ, ‘ಲ್ಲ’ದಲ್ಲಿರುವ ಎರಡು ಲಕಾರ ಮತ್ತು ಅವುಗಳ ನಡುವಿನ ವಿರಾಮಚಿಹ್ನೆಯೂ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. ಆರರ ಮಿತಿ ಐಟಿಎಸ್‌ನ ಜೊತೆಗೆ ಹೋಯಿತು. ‘ಕನಿಷ್ಠ 8 ಅಕ್ಷರಗಳಿರಲಿ’ ಎಂಬ ಸೂಚನೆಯನ್ನು ಕನ್ನಡದ ಪರದೆಗಳು ಈಗಲೂ ತೋರಿಸುತ್ತವೆ. ಅಲ್ಲಿ ‘ಅಕ್ಷರ’ ಎಂದರೆ ಯಾವ ಎಣಿಕೆ ಎಂಬುದನ್ನು ಪದಪಟ್ಟಿಗಳು ಇನ್ನೂ ಬರೆದಿಟ್ಟಿಲ್ಲ.